ಸೊಂಟಪಟ್ಟಿ ಕಟ್ಟಿದ ಏಳು

ಡೈರೆಕ್ಟರಿಯಕ್ಕನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದು ಹಾಜರಿ ಪುಸ್ತಕದಲ್ಲಿ ಬೆಚ್ಚಗೆ ಮಲಗಿತ್ತು, ಅಷ್ಟೇ. ಮೂವತ್ತೊಂಬತ್ತು ವರ್ಷದ ನೌಕರಿಯಲ್ಲಿ ಆ ಹೆಸರು ಹಿಡಿದು ಯಾರೂ ಅವಳನ್ನು ಕರೆದದ್ದಿಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಂಬರ್ ಹೇಳುವ ಕೋಣೆಗೆ ಬಂದು ಕೂತಳು. ಹನ್ನೆರಡು ಹೆಂಗಸರು, ಹನ್ನೆರಡು ಹೆಡ್‌ಫೋನು, ಎದುರಿಗೆ ಇಟ್ಟಿಗೆ ದಪ್ಪದ ಡೈರೆಕ್ಟರಿಗಳು. ಊರಿನವರು ಫೋನ್ ಮಾಡಿ ಯಾರದೋ ನಂಬರ್ ಕೇಳುವುದು, ಇವರು ಹುಡುಕಿ ಹೇಳುವುದು. ಕೇಳುವವರಿಗೆ ಎಷ್ಟೋ ಸಲ ಹೆಸರೇ ಗೊತ್ತಿರುತ್ತಿರಲಿಲ್ಲ. “ಮಾರ್ಕೆಟ್ ಹಿಂದೆ ಒಬ್ರು ಹಲ್ಲಿನ ಡಾಕ್ಟ್ರು ಇದಾರಲ್ಲ, ಸ್ವಲ್ಪ ಕುಂಟ್ತಾರೆ, ಅವರದ್ದು ಕೊಡಿ” ಎನ್ನುತ್ತಿದ್ದರು. ಉಳಿದ ಹನ್ನೊಂದು ಮಂದಿ “ಗೊತ್ತಿಲ್ಲ” ಎಂದು ಕೈತೊಳೆದುಕೊಂಡು ಮುಂದಿನ ಕರೆಗೆ ಹೋಗುತ್ತಿದ್ದರು. ಇವಳು ಬಿಡುತ್ತಿರಲಿಲ್ಲ. ಮಾರ್ಕೆಟ್ಟಿನ ಹಿಂದಿನ ಬೀದಿಯ ಎಲ್ಲ ನಂಬರನ್ನೂ ಜಾಲಾಡಿ, ಕುಂಟುವ ಡಾಕ್ಟರನ್ನು ಹಿಡಿದು ತಂದು ಕೊಡುತ್ತಿದ್ದಳು. ಗೊತ್ತಿಲ್ಲ ಎಂಬ ಮಾತು ತನ್ನ ಬಾಯಿಂದ ಬರಬಾರದು ಎಂಬುದೊಂದು ಹಟ. ಹಟ ಎಂದರೆ ಅವಳಿಗೆ ಸಿಟ್ಟು ಬರುತ್ತಿತ್ತು. ಶಿಸ್ತು ಎನ್ನಬೇಕಿತ್ತು.

ಏಳರ ಕಥೆಯೂ ಆ ಕೋಣೆಯದೇ. ಸೇರಿದ ಮೊದಲ ತಿಂಗಳು ಅವಳು ತಾನೇ ಚೀಟಿಯಲ್ಲಿ ಗೀಚಿಕೊಂಡ ಒಂದು ನಂಬರಿನಲ್ಲಿ ಏಳನ್ನು ಒಂದು ಎಂದು ಓದಿ ಹೇಳಿದಳು. ಹೆಂಡತಿಗೆ ಹೆರಿಗೆ ನೋವು ಬಂದು ಸೂಲಗಿತ್ತಿಯನ್ನು ಹುಡುಕುತ್ತಿದ್ದ ಒಬ್ಬಾತ ಅದರಿಂದ ಇದ್ದಿಲು ಡಿಪೋಗೆ ಫೋನ್ ಮಾಡಿದ. ಮಗು ಹೇಗೋ ಸುಸೂತ್ರವಾಗಿ ಹುಟ್ಟಿತು, ಆದರೆ ಮಾರನೆಯ ದಿನ ಅಪ್ಪ ಎಕ್ಸ್‌ಚೇಂಜಿಗೆ ಬಂದು ಎಲ್ಲರ ಜನ್ಮ ಜಾಲಾಡಿದ. ಕೋಣೆಯ ಹಿರಿಯಮ್ಮ, ಅಲ್ಲಿ ಎಲ್ಲರ ಮೇಲಿನವಳು, ಇವಳ ಕೈಗೆ ಕೆಂಪು ಪೆನ್ನು ಕೊಟ್ಟು, “ಏಳಕ್ಕೆ ಸೊಂಟಪಟ್ಟಿ ಕಟ್ಟು. ಆಗ ಅದು ಜನ್ಮದಲ್ಲಿ ಒಂದರ ಥರ ಕಾಣಲ್ಲ” ಎಂದಳು. ಏಳರ ನಡುವಿಗೆ ಅಡ್ಡ ಒಂದು ಗೀಟು. ಹತ್ತು ಪುಟ ಬರೆಸಿದಳು. ಅಂದಿನಿಂದ ಡೈರೆಕ್ಟರಿಯಕ್ಕ ಎಲ್ಲಿ ಏಳು ಬರೆದರೂ ಅದಕ್ಕೆ ಸೊಂಟಪಟ್ಟಿ ಇದ್ದೇ ಇರುತ್ತಿತ್ತು, ಗೀಟಿನ ಎಡತುದಿ ಸ್ವಲ್ಪ ಕೆಳಗೆ ಬಾಗಿ. ಮಗಳ ಶಾಲೆಯ ಪುಸ್ತಕದ ಮೇಲೆ, ಹಾಲಿನವನ ಚೀಟಿಯಲ್ಲಿ, ಅಡುಗೆಮನೆಯ ಡಬ್ಬಿಗಳಿಗೆ ಅಂಟಿಸಿದ ತಾರೀಕಿನಲ್ಲಿ, ಎಲ್ಲ ಕಡೆ.

ಮೊಬೈಲು ಬಂತು. ಸರ್ಕಾರ ಟೆಲಿಫೋನ್ ಇಲಾಖೆಯನ್ನು ನಿಗಮ ಮಾಡಿ ಕೆಂಪು ಬೋರ್ಡು ಹಾಕಿತು. ನಂಬರ್ ಹೇಳುವ ಕೋಣೆಗೆ ಬೀಗ ಬಿತ್ತು, ಹೆಡ್‌ಫೋನುಗಳು ಗುಜರಿಗೆ ಹೋದವು. ಡೈರೆಕ್ಟರಿಯಕ್ಕನನ್ನು ಮೂರನೆಯ ಮಹಡಿಯ ದಾಖಲೆ ವಿಭಾಗಕ್ಕೆ ಹಾಕಿದರು. ಯಾವ ಸಿಮ್ ಯಾರ ಹೆಸರಿನಲ್ಲಿದೆ, ಅವರ ಫೋಟೋ ಯಾವುದು, ಮನೆ ಎಲ್ಲಿ ಎಂದು ಹೇಳುವ ವಿಭಾಗ. ಅವಳ ಪಕ್ಕದ ಮೇಜಿನಲ್ಲಿ ಕನ್ನಡಕದಣ್ಣ ಕೂರುತ್ತಿದ್ದ. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಕಚೇರಿಯೆಲ್ಲ ಹುಡುಕುವ ಆಸಾಮಿ. ಅವನ ಹೆಂಡತಿಗೆ ಆಪರೇಷನ್ ಆದಾಗ ಎರಡು ತಿಂಗಳು ಅವನ ರಿಜಿಸ್ಟರನ್ನು ಇವಳೇ ಬರೆದಳು. ಅಷ್ಟು ಬಳಕೆ. ಇವಳ ಗಂಡ ಬೇಗ ತೀರಿಕೊಂಡಾಗ ಮಗಳ ಶಾಲೆಯ ಅರ್ಜಿಗೆ ಓಡಾಡಿದವನೂ ಅವನೇ.

ಆಮೇಲೆ ನಿಗಮ ಹೊರದೇಶಕ್ಕೆ ಕಾಲಿಟ್ಟಿತು. ಮೊದಲು ಗಡಿಯಾಚೆಯ ದೇಶ, ಆಮೇಲೆ ಸಮುದ್ರದಾಚೆ ಇನ್ನೆರಡು. ಕಟ್ಟಡದ ಮುಂದೆ ನಾಲ್ಕು ಬಾವುಟ ಹಾರಿದವು. ಅಲ್ಲಿನ ಗಿರಾಕಿಗಳು ತುಂಬಿದ ಸಿಮ್ ಅರ್ಜಿಗಳೂ ಇಲ್ಲಿಗೇ ಬಂದು ಇದೇ ಮೂರನೆಯ ಮಹಡಿಯ ಕಂಪ್ಯೂಟರಿನಲ್ಲಿ ಕೂತವು. ಸ್ವಲ್ಪ ದಿನಕ್ಕೆ ಹೊರಗಿನ ಪತ್ರಿಕೆಗಳು ಬರೆಯತೊಡಗಿದವು: ಒಂದು ದೇಶದಲ್ಲಿ ಲೈಸೆನ್ಸು ಹಿಂಬಾಗಿಲಿನಿಂದ ಬಂತಂತೆ, ಇನ್ನೊಂದರಲ್ಲಿ ಚುನಾವಣೆಯ ದಿನ ನಿಗಮದವರು ಸಿಗ್ನಲ್ಲೇ ತೆಗೆದುಬಿಟ್ಟರಂತೆ, ಗಡಿಯಾಚೆ ಮಂತ್ರಿಗಳಿಗೆ ಬೇಡದವರ ಫೋನು ಕದ್ದು ಕೇಳಲು ನಿಗಮದ ಕಟ್ಟಡದಲ್ಲೇ ಒಂದು ಕೋಣೆ ಇದೆಯಂತೆ. ಮೂರನೆಯ ಮಹಡಿಯವರು ಟೀ ಕುಡಿಯುತ್ತ ಇದನ್ನು ಓದಿ ನಕ್ಕರು. “ಬೆಳೆಯೋರನ್ನ ಕಂಡ್ರೆ ಎಲ್ಲರಿಗೂ ಕಣ್ಣುರಿ” ಎಂದಳು ಡೈರೆಕ್ಟರಿಯಕ್ಕ. ನಮ್ಮ ನಿಗಮ ಎನ್ನುವಾಗ ಅವಳ ಎದೆ ಎರಡು ಬೆರಳು ಮುಂದೆ ಬರುತ್ತಿತ್ತು. ಆ ಮಾತನ್ನು ನೆನೆದರೆ ಈಗ ಅವಳಿಗೆ ತನ್ನ ನಾಲಿಗೆಯ ಮೇಲೇ ಅಸಹ್ಯವಾಗುತ್ತದೆ.

ಆ ಪಟ್ಟಿ ಬಂದದ್ದು ಒಂದು ಬುಧವಾರ, ಊಟಕ್ಕೆ ಮುಂಚೆ. ಗಡಿಯಾಚೆ ಆಗ ಗಲಾಟೆಯ ಕಾಲ. ಜನ ಬೀದಿಗಿಳಿದಿದ್ದರು, ಪೊಲೀಸರು ಗುಂಡು ಹಾರಿಸಿದ್ದರು. ಅಲ್ಲಿನ ಶಾಖೆಯಿಂದ ಕೈಬರಹದ ಒಂದು ಹಾಳೆಯ ಪ್ರತಿ ಬಂದಿತ್ತು, ನಲವತ್ತೊಂದು ನಂಬರು. ಪ್ರತಿಯೊಂದರ ಮುಂದೆ ಹೆಸರು, ವಿಳಾಸ ತುಂಬಿ ಕಳಿಸಬೇಕು. ನಲವತ್ತು ಸಿಕ್ಕವು. ಇಪ್ಪತ್ತಾರನೆಯದು ಸಿಗಲಿಲ್ಲ. ಆ ನಂಬರಿನ ಸಿಮ್ಮನ್ನು ನಿಗಮ ಯಾರಿಗೂ ಕೊಟ್ಟೇ ಇರಲಿಲ್ಲ.

ಕನ್ನಡಕದಣ್ಣ ಬಗ್ಗಿ ನೋಡಿದ. “ತಾಯಿ, ಇದರಲ್ಲಿ ಸೀಲಿಲ್ಲ, ಕೋರ್ಟಿನ ಆರ್ಡರಿಲ್ಲ. ನನಗ್ಯಾಕೋ ಸರಿ ಕಾಣ್ತಿಲ್ಲ. ಸಿಗದೇ ಇರೋದಕ್ಕೆ ಸಿಗಲಿಲ್ಲ ಅಂತ ಬರೆದು ಕಳಿಸಿಬಿಡಿ.”

“ಅದು ಹೇಗೆ ಸಿಗಲ್ಲ, ನೋಡೇಬಿಡೋಣ” ಎಂದಳು ಅವಳು.

ಸೀಲಿನ ಮಾತು ಅವಳ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ. ಅವಳ ಕಣ್ಣು ಆ ನಂಬರಿನ ಮೇಲಿತ್ತು. ಅದರಲ್ಲಿ ಮೂರು ಒಂದುಗಳಿದ್ದವು. ಯಾರೋ ಅರೆಬರೆ ಕಲಿತವನು ಏಳಕ್ಕೆ ಸೊಂಟಪಟ್ಟಿ ಕಟ್ಟದೆ ಬರೆದಿದ್ದಾನೆ ಎಂದು ತಕ್ಷಣ ಹೊಳೆಯಿತು. ಒಂದಿದ್ದ ಕಡೆ ಏಳು ಹಾಕಿ ನೋಡಿದಳು, ಬೇರೆ ಬೇರೆ ಬಗೆಯಲ್ಲಿ. ಐದನೆಯ ಸಲಕ್ಕೆ ಒಂದು ಅರ್ಜಿ ತೆರೆಯಿತು. ಆಸ್ಪತ್ರೆಯ ನರ್ಸ್ ಒಬ್ಬಳದು. ಸಾಲದ್ದಕ್ಕೆ ಪಟ್ಟಿಯ ಉಳಿದ ನಂಬರುಗಳನ್ನೂ ತಾಳೆ ನೋಡಿದಳು. ಅವುಗಳಲ್ಲಿ ಹದಿನೇಳು ಆ ವಾರ ಈ ನಂಬರಿಗೇ ಕರೆ ಮಾಡಿದ್ದವು. ಇನ್ನು ಅನುಮಾನವೇ ಇಲ್ಲ. ಎಲ್ಲಕ್ಕಿಂತ ಅವಳಿಗೆ ಖುಷಿಯಾದದ್ದು ಆ ಅರ್ಜಿಯನ್ನು ಕಂಡು. ಮುತ್ತು ಪೋಣಿಸಿದಂಥ ಅಕ್ಷರ, ಒಂದು ಚಿತ್ತಿಲ್ಲ, ವಿಳಾಸದ ಕೆಳಗೆ ಗುರುತು ಕೂಡ: ನೀರಿನ ಟ್ಯಾಂಕಿನ ಹಿಂದೆ, ನೀಲಿ ಬಾಗಿಲು. “ಅರ್ಜಿ ತುಂಬಿದ್ರೆ ಹೀಗೆ ತುಂಬಬೇಕು ನೋಡಿ” ಎಂದು ಪರದೆಯನ್ನು ಕನ್ನಡಕದಣ್ಣನ ಕಡೆ ತಿರುಗಿಸಿದಳು. ಅವನು ನೋಡಿದ, ಕನ್ನಡಕ ತೆಗೆದು ಒರೆಸಿ ತನ್ನ ಮೇಜಿಗೆ ತಿರುಗಿದ. ಅವಳು ಕೆಂಪು ಪೆನ್ನು ತೆಗೆದು ಹಾಳೆಯ ಅಂಚಿನಲ್ಲಿ ‘ತಪ್ಪು ಸಂಖ್ಯೆ. ಸರಿಯಾದದ್ದು ಇದು’ ಎಂದು ಬರೆದು, ನಂಬರು ಬರೆದು, ನೀಲಿ ಬಾಗಿಲನ್ನೂ ಬಿಡದೆ ಬರೆದು ಕಳಿಸಿದಳು. ಆಮೇಲೆ ಹೋಗಿ ಊಟ ಮಾಡಿದಳು. ಹಸಿವು ಚೆನ್ನಾಗಿತ್ತು.

ಆ ವರ್ಷ ಅವಳಿಗೆ ‘ದೋಷರಹಿತ ಸೇವೆ’ಯ ಪ್ರಶಸ್ತಿ ಪತ್ರ ಬಂತು. ಕಟ್ಟು ಹಾಕಿಸಿ ಹಜಾರದ ಗೋಡೆಗೆ ಏರಿಸಿದಳು. ಮುಂದಿನ ವರ್ಷ ನಿವೃತ್ತಿ. ಅದಾದ ಕೆಲವೇ ತಿಂಗಳಿಗೆ ಕನ್ನಡಕದಣ್ಣ ಎದೆನೋವೆಂದು ಮಲಗಿದವನು ಏಳಲಿಲ್ಲ.

ಮಗಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಒಂದು ಭಾನುವಾರ ಬೆಳಿಗ್ಗೆ ಅಡುಗೆಮನೆಯ ಕಟ್ಟೆಗೆ ಒರಗಿ ಫೋನಿನಲ್ಲಿ ಸುದ್ದಿ ಓದುತ್ತಿದ್ದವಳು ಇದ್ದಕ್ಕಿದ್ದಂತೆ ನೆಟ್ಟಗೆ ನಿಂತಳು. ಫೋನು ನೋಡಿದಳು, ಎದುರಿನ ಸಕ್ಕರೆ ಡಬ್ಬಿ ನೋಡಿದಳು, ಮತ್ತೆ ಫೋನು ನೋಡಿದಳು. ಹೊರದೇಶದ ಪತ್ರಿಕೆಯೊಂದು ಗಡಿಯಾಚೆಯ ಪಟ್ಟಿಗಳನ್ನು ಬಯಲಿಗೆಳೆದು, ಒಂದು ಪುಟದ ಚಿತ್ರವನ್ನೇ ಹಾಕಿತ್ತು. ಅಂಚಿನಲ್ಲಿ ಕೆಂಪು ಬರಹ. ಪಟ್ಟಿಯಲ್ಲಿದ್ದವರೆಲ್ಲ ಆ ವಾರ ಗುಂಡೇಟು, ಲಾಠಿ ಏಟು ತಿಂದವರು ಅಥವಾ ಅವರ ಮನೆಯವರು. ಆಸ್ಪತ್ರೆಗೆ ಹೋದರೆ ಪೊಲೀಸರು ಹಿಡಿಯುತ್ತಾರೆಂದು ಅವರಲ್ಲಿ ಹಲವರು ಆ ನರ್ಸಿಗೆ ಫೋನ್ ಮಾಡಿ ಗಾಯಕ್ಕೆ ಹೊಲಿಗೆ ಹಾಕಿಸಿಕೊಂಡಿದ್ದರು. ನರ್ಸನ್ನು ನೀಲಿ ಬಾಗಿಲಿನ ಮನೆಯಿಂದ ಎತ್ತಿಕೊಂಡು ಹೋಗಿ ಹದಿನಾಲ್ಕು ತಿಂಗಳು ಇಟ್ಟುಕೊಂಡರು. ಹೊರಗೆ ಬಂದಾಗ ಅವಳ ಬಲಗೈ ಬೆರಳುಗಳು ಮಡಿಚುತ್ತಿರಲಿಲ್ಲ.

“ಅಮ್ಮ, ಇದು ನಿನ್ನ ಏಳು” ಎಂದಳು ಮಗಳು.

ಡೈರೆಕ್ಟರಿಯಕ್ಕ ಫೋನನ್ನು ಕಣ್ಣಿನ ಹತ್ತಿರ ಹಿಡಿದಳು. ಸೊಂಟಪಟ್ಟಿಯ ಎಡತುದಿ ಕೆಳಗೆ ಬಾಗಿತ್ತು. ಫೋನನ್ನು ಕವುಚಿ ಕಟ್ಟೆಯ ಮೇಲಿಟ್ಟಳು. “ಮೇಲಿಂದ ಬಂದ ಪಟ್ಟಿ ಕಣೇ. ನಾನೇನು ಕೇಳಿ ತರಿಸಿಕೊಂಡಿದ್ನಾ? ಆ ನಲವತ್ತನ್ನ ನಾನಲ್ದೆ ಇನ್ಯಾರು ಕೂತಿದ್ರೂ ಕೊಡ್ತಿದ್ರು. ಈ ಒಂದೇ, ಈ ಒಂದು ಮಾತ್ರ ನಾನು...”

“ಆ ನಲವತ್ತು ಜನಾನೂ ಜನಾನೇ ಅಲ್ವಾ ಅಮ್ಮ?”

ಮಗಳು ಜಗಳವಾಡಲಿಲ್ಲ, ಅಳಲಿಲ್ಲ. ಚಹಾ ಮಾಡಿ ಅಮ್ಮನಿಗೊಂದು ಲೋಟ ಇಟ್ಟು ತನ್ನ ಕೋಣೆಗೆ ಹೋದಳು. ಬೈದಿದ್ದರೆ ವಾಸಿಯಿತ್ತು. ಮಧ್ಯಾಹ್ನ ಡೈರೆಕ್ಟರಿಯಕ್ಕ ಸ್ಟೂಲು ಹತ್ತಿ ಗೋಡೆಯ ಪ್ರಶಸ್ತಿ ಪತ್ರ ಇಳಿಸಿ, ಮುಖ ಒಳಗೆ ಮಾಡಿ ಬೀರುವಿನ ಹಿಂದೆ ತೂರಿಸಿದಳು. ಗೋಡೆಯ ಮೇಲೆ ಬೆಳ್ಳನೆಯ ಚೌಕ ಉಳಿಯಿತು. ಅದನ್ನು ಮುಚ್ಚಲು ಒಂದು ಕ್ಯಾಲೆಂಡರ್ ತೂಗುಹಾಕಿದಳು. ಅದು ಸಣ್ಣದಾಯಿತು.

ಹೊರಗಿನವರು ಉಗಿದದ್ದು ಜಾಸ್ತಿಯಾದ ಮೇಲೆ ಸರ್ಕಾರ ಒಂದು ವಿಚಾರಣಾ ಸಮಿತಿ ಮಾಡಿತು. ಸಮಿತಿಗಿಂತ ಮೊದಲೇ ನಿಗಮದ ಟೈ ಸಾಹೇಬ ಮನೆಗೆ ಬಂದ. ನಿಗಮದ ಮಾನ ಮರ್ಯಾದೆ ನೋಡಿಕೊಳ್ಳುವುದು ಅವನ ಕೆಲಸ. ಸೆಕೆಗಾಲದಲ್ಲೂ ಟೈ ಬಿಚ್ಚದ ಮನುಷ್ಯ. ಜೊತೆಗೆ ಹಳೆಯ ರಿಜಿಸ್ಟರೊಂದನ್ನು ತಂದಿದ್ದ. ಮೇಲೆ ಕನ್ನಡಕದಣ್ಣನ ಹೆಸರು. ತೆರೆದರೆ ಒಳಗೆ ಪುಟಗಟ್ಟಲೆ ಸೊಂಟಪಟ್ಟಿಯ ಏಳು. ಅವನ ಹೆಂಡತಿಯ ಆಪರೇಷನ್ನಿನ ಸಮಯದಲ್ಲಿ ಇವಳು ಬರೆದುಕೊಟ್ಟ ಎರಡು ತಿಂಗಳು.

“ನೀವು ಸುಳ್ಳು ಹೇಳ್ಬೇಕಾಗಿಲ್ಲ ಅಕ್ಕ” ಎಂದ ಟೈ ಸಾಹೇಬ, ಬಹಳ ಮೆತ್ತಗೆ. “ಪಾಪ, ಅವರು ಹೋಗಿಬಿಟ್ಟಿದಾರೆ. ಅವರಿಗೆ ಇನ್ನು ಯಾರೂ ಏನೂ ಮಾಡೋಕಾಗಲ್ಲ. ಇರೋರು ನೀವು, ಮಗಳಿದಾಳೆ. ರಿಜಿಸ್ಟರ್ ನಾವು ಸಮಿತಿಗೆ ಕೊಡ್ತೀವಿ, ಏಳು ತಾಳೆಯಾಗತ್ತೆ. ನೀವು ಸುಮ್ನಿದ್ರೆ ಸಾಕು.”

ಡೈರೆಕ್ಟರಿಯಕ್ಕ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಟೀ ಕೊಟ್ಟಳು. ಅವನು ಕುಡಿದು, ಹೊರಡುವಾಗ ಕೈಮುಗಿದು, “ನಿಮ್ಮಂಥೋರಿಂದಲೇ ನಿಗಮ ನಿಂತಿರೋದು” ಎಂದ. ಬಾಗಿಲು ಹಾಕಿದ ಮೇಲೆ ಅವಳಿಗೆ ಮೊದಲು ಬಂದ ಭಾವನೆ ನೆಮ್ಮದಿ. ಅದನ್ನು ಮುಚ್ಚಿಡುವುದೇನು ಬಂತು. ಸತ್ತವನ ಹೆಗಲಿಗೆ ಹೊರೆ ದಾಟಿಸಿ ಅವಳು ಆ ದಿನ ಸಂಜೆ ಒಂದು ಗಂಟೆ ಹಾಯಾಗಿ ಮಲಗಿದಳು. ಎದ್ದ ಮೇಲೆ ಕನ್ನಡಿ ನೋಡಲಾಗದೆ ಹಾಗೆಯೇ ತಲೆ ಬಾಚಿಕೊಂಡಳು.

ವಾರದೊಳಗೆ ಸ್ಥಳೀಯ ಪತ್ರಿಕೆಯಲ್ಲಿ ‘ಮೃತ ನೌಕರನ ಕೈವಾಡ’ ಎಂದು ಬಂತು. ಮರುದಿನ ಕನ್ನಡಕದಣ್ಣನ ಹೆಂಡತಿ ಫೋನ್ ಮಾಡಿದಳು. ಅಣ್ಣ ಎಂದು ಕರೆದವನ ಹೆಂಡತಿ, ಹಾಗಾಗಿ ಇವಳಿಗೆ ಅತ್ತಿಗೆ.

“ಪೇಪರಿನವರು ಮನೆ ಮುಂದೆ ಬಂದು ನಿಂತಿದಾರೆ. ಇವರು ಯಾರೋ ಹೆಣ್ಣುಮಗಳನ್ನ ಹಿಡಿಸಿಕೊಟ್ರಂತೆ. ಒಂದು ಇರುವೆ ಕಂಡ್ರೂ ದಾಟಿ ಹೋಗ್ತಿದ್ದೋರು. ನನಗೆ ನಂಬೋಕಾಗ್ತಿಲ್ಲ. ಪಕ್ಕದಲ್ಲೇ ಕೂತಿದ್ದೋರು ನೀವು. ನೀವು ಹೌದು ಅಂದ್ರೆ ನಂಬ್ತೀನಿ, ಅಲ್ಲ ಅಂದ್ರೆ ಅಲ್ಲ.”

ಡೈರೆಕ್ಟರಿಯಕ್ಕ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. “ಸಮಿತಿ ಏನು ಹೇಳತ್ತೋ ನೋಡೋಣ ಅತ್ತಿಗೆ” ಎಂದಳು.

“ಆಯ್ತು ಬಿಡಿ. ನಿಮಗೂ ಕಷ್ಟ ಕೊಟ್ಟೆ” ಎಂದು ಅತ್ತಿಗೆ ಫೋನ್ ಇಟ್ಟಳು. ಜೀವಮಾನದಲ್ಲಿ ಲಕ್ಷಗಟ್ಟಲೆ ಕರೆ ತೆಗೆದುಕೊಂಡಿದ್ದವಳು ಡೈರೆಕ್ಟರಿಯಕ್ಕ. ಕೇಳಿದವರಿಗೆ ಬೇಕಾದ್ದನ್ನು ಗೊತ್ತಿದ್ದೂ ಕೊಡದೆ ಕಳಿಸಿದ್ದು ಇದೊಂದೇ ಸಲ. ಅವಳು ಹಿಡಿಯಷ್ಟಾಗಿ ಕುರ್ಚಿಯಲ್ಲಿ ಕೂತಳು. ಬಾಗಿಲಲ್ಲಿ ಮಗಳು ನಿಂತಿದ್ದದ್ದು ಆಮೇಲೆ ಗೊತ್ತಾಯಿತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

ಸಮಿತಿ ಕೂತದ್ದು ಹಳೆಯ ಸರ್ಕಾರಿ ಕಟ್ಟಡದ ಉದ್ದನೆಯ ಹಾಲಿನಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಮೇಲೆ ಫ್ಯಾನು ಕಿರಗುಟ್ಟುತ್ತಿತ್ತು. ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆ. ನಿಗಮದ ಕಡೆಯ ಬೆಂಚಿನಲ್ಲಿ ಟೈ ಸಾಹೇಬ, ಅವನ ತೊಡೆಯ ಮೇಲೆ ರಿಜಿಸ್ಟರು. ಕಿಟಕಿಯ ಪಕ್ಕ ನರ್ಸ್ ಕೂತಿದ್ದಳು. ಅರ್ಜಿಯ ಫೋಟೋದಲ್ಲಿ ಕಂಡ ಮುಖವೇ, ಆದರೆ ಹತ್ತು ವರ್ಷ ದೊಡ್ಡದು. ಬಲಗೈಯನ್ನು ಎಡಗೈಯಲ್ಲಿ ಎತ್ತಿ ಮಡಿಲಿಗೆ ಇಟ್ಟುಕೊಂಡಿದ್ದಳು. ಡೈರೆಕ್ಟರಿಯಕ್ಕ ಅತ್ತ ಒಂದೇ ಸಲ ನೋಡಿದಳು.

ಅಧ್ಯಕ್ಷೆ ಪಟ್ಟಿಯ ಹಾಳೆಯನ್ನೂ ರಿಜಿಸ್ಟರನ್ನೂ ಮುಂದಿಟ್ಟರು. “ನೀವು ಇಪ್ಪತ್ತು ವರ್ಷ ಈ ರಿಜಿಸ್ಟರಿನೋರ ಪಕ್ಕ ಕೂತಿದ್ದೋರು. ಈ ಕೆಂಪು ಬರಹ ಇವರದ್ದೇ ತಾನೇ?”

ಸುಮ್ಮನಿದ್ದರೆ ಸಾಕಿತ್ತು. ತಲೆ ಒಂದಿಷ್ಟು ಆಡಿಸಿದ್ದರೂ ಸಾಕಿತ್ತು. ಟೈ ಸಾಹೇಬ ಕಣ್ಣಿನಲ್ಲೇ ಸಮಾಧಾನ ಹೇಳುತ್ತಿದ್ದ. ಅವಳಿಗೆ ಹಣೆಯ ಮೇಲೆ ಕನ್ನಡಕವಿಟ್ಟುಕೊಂಡು ಮೇಜಿನ ಕೆಳಗೆ ಹುಡುಕುವ ಅಣ್ಣ ಕಂಡ.

“ಅಲ್ಲ. ನಂದು” ಎಂದಳು. ಧ್ವನಿ ಎಷ್ಟು ಸಣ್ಣಗಿತ್ತೆಂದರೆ ಇನ್ನೊಮ್ಮೆ ಹೇಳಬೇಕಾಯಿತು. “ನಂದು ಮೇಡಂ. ರಿಜಿಸ್ಟರಿನಲ್ಲಿರೋ ಬರಹಾನೂ ನಂದೇ. ಸೀಲಿಲ್ಲ, ಬೇಡ ಅಂತ ಅವರು ಹೇಳಿದ್ರು. ನಾನು ಕೇಳಲಿಲ್ಲ. ಸುಮ್ನಿರು ಅಂತ ನಿಗಮದೋರು ಹೇಳಿದ್ರು. ಅದನ್ನ ಮಾತ್ರ ಕೇಳಿದೆ.”

ಟೈ ಸಾಹೇಬ ಮೊದಲ ಸಲ ಟೈ ಸಡಿಲ ಮಾಡಿಕೊಂಡ. ಹಾಲಿನಲ್ಲಿ ಗುಸುಗುಸು ಎದ್ದಿತು. ಅಧ್ಯಕ್ಷೆ ಎಲ್ಲ ಬರೆಸಿಕೊಂಡ ಮೇಲೆ ನರ್ಸಿನ ಕಡೆ ತಿರುಗಿ, ಏನಾದರೂ ಕೇಳುವುದಿದೆಯೇ ಎಂದರು. ಗಡಿಯಾಚೆಯೂ ಮಾತು ಒಂದೇ, ರಾಗ ಮಾತ್ರ ಬೇರೆ. ನರ್ಸ್ ಕೂತಲ್ಲಿಂದಲೇ ಕೇಳಿದಳು.

“ನನ್ನ ನಂಬರು ಸಿಗದೇ ಇದ್ದಿದ್ರೆ ಅಲ್ಲಿ ಏನು ಬರೀತಿದ್ರಿ?”

“ಸಿಗಲಿಲ್ಲ ಅಂತ.”

“ಹಾಗೆ ಬರೆದಿದ್ರೆ ನಿಮಗೆ ಯಾರಾದ್ರೂ ಬೈತಿದ್ರಾ?”

ಡೈರೆಕ್ಟರಿಯಕ್ಕ ಯೋಚಿಸಿದಳು. ಹೌದು ಎನ್ನಲು ಸಾಧ್ಯವಾಗಿದ್ದರೆ ಎಷ್ಟು ಚೆನ್ನಾಗಿತ್ತು. “ಇಲ್ಲಮ್ಮ” ಎಂದಳು. “ಯಾರೂ ಬೈತಿರಲಿಲ್ಲ. ಯಾರೂ ಕೇಳ್ತಾನೂ ಇರಲಿಲ್ಲ.”

ನರ್ಸ್ ತಲೆದೂಗಿದಳು, ಒಬ್ಬ ರೋಗಿ ತನಗೆ ಎಲ್ಲಿ ನೋವು ಎಂದು ಹೇಳಿದಾಗ ತಲೆದೂಗುವಂತೆ. ಕ್ಷಮಿಸಿ ಎನ್ನಬೇಕೆಂದು ಮೂರು ದಿನದಿಂದ ಕಟ್ಟಿಕೊಂಡಿದ್ದ ಮಾತುಗಳು ಡೈರೆಕ್ಟರಿಯಕ್ಕನ ಬಾಯಲ್ಲೇ ಒಣಗಿದವು. ಅವನ್ನು ಹೇಳಿ ತಾನು ಹಗುರಾಗುವುದು ಕೂಡ ಕಳ್ಳತನವೇ ಎನ್ನಿಸಿತು.

ಹೊರಗೆ ಬಾಗಿಲ ಬಳಿ ಸಮಿತಿಯ ಗುಮಾಸ್ತೆ ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದಳು. ಸಾಕ್ಷಿಗಳು ಬೆಳಿಗ್ಗೆ ಹಾಳೆಯೊಂದರಲ್ಲಿ ಹೆಸರು, ಮೊಬೈಲ್ ನಂಬರು ಬರೆದು ಸಹಿ ಹಾಕಿದ್ದರು. ಅವಳು ಅದನ್ನು ನೋಡಿ ಒಂದೊಂದಾಗಿ ಟೈಪ್ ಮಾಡುತ್ತಿದ್ದಳು. ಹೋಗುವ ಮೊದಲು ಇನ್ನೊಂದು ಸಹಿ ಹಾಕಬೇಕಿತ್ತು. ಡೈರೆಕ್ಟರಿಯಕ್ಕ ಬಗ್ಗಿದಳು. ತನ್ನ ಹೆಸರಿನ ಮೇಲಿನ ಸಾಲು ನರ್ಸಿನದು. ಎಡಗೈಯಲ್ಲಿ ಬರೆದದ್ದು. ಅಕ್ಷರಗಳು ಒಂದರ ಮೇಲೊಂದು ಬಿದ್ದು, ಗೆರೆ ದಾಟಿ, ಆಗತಾನೆ ಬರೆಯಲು ಕಲಿತ ಮಗುವಿನ ಬರಹದ ಹಾಗೆ ಇದ್ದವು. ಮುತ್ತು ಪೋಣಿಸಿದಂಥ ಆ ಅರ್ಜಿ ಅವಳ ಕಣ್ಣ ಮುಂದೆ ಬಂತು.

“ಮೇಡಂ, ನೀವು ಟೆಲಿಫೋನಿನೋರು ಅಲ್ವಾ?” ಎಂದಳು ಗುಮಾಸ್ತೆ, ಆ ಸಾಲಿಗೆ ಬೆರಳಿಟ್ಟು. “ಸ್ವಲ್ಪ ನೋಡಿ ಹೇಳಿ. ಇದು ಒಂದಾ, ಏಳಾ? ನನಗೆ ತಿಳೀತಿಲ್ಲ.”

ನಂಬರು ಅದೇ ಹಳೆಯದು, ಅವಳಿಗೆ ಬಾಯಿಪಾಠವಾಗಿತ್ತು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲಳು. ಪೆನ್ನೂ ಕೈಯಲ್ಲೇ ಇತ್ತು. ಅವಳು ಅದನ್ನು ಮೇಜಿನ ಮೇಲೆ ಇಟ್ಟಳು.

“ಗೊತ್ತಿಲ್ಲಮ್ಮ” ಎಂದಳು. “ಅವರು ಒಳಗಿದಾರೆ, ಅವರನ್ನೇ ಕೇಳು. ಹೇಳೋದು ಬಿಡೋದು ಅವರಿಗೆ ಸೇರಿದ್ದು.”